ಕೆಂಪು ಬೇರೆ, ಖಾರ ಬೇರೆ

2024ರ ಮಾರ್ಚ್ 11ರ ಸೋಮವಾರ ಕರ್ನಾಟಕದಲ್ಲಿ ಕೆಂಪು ಬಣ್ಣದ ಸುತ್ತ ಎರಡು ಸುದ್ದಿ ಹುಟ್ಟಿದವು. ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿಯ ದರ ಕ್ವಿಂಟಲ್‌ಗೆ 20 ಸಾವಿರ ರೂಪಾಯಿಯ ಆಸುಪಾಸಿನಿಂದ 8 ಸಾವಿರಕ್ಕೆ ಬಿತ್ತೆಂದು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಉರಿದವು. ಅದೇ ದಿನ ಬೆಂಗಳೂರಿನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ರೋಡಮಿನ್-ಬಿಯಂಥ ಕೃತಕ ಬಣ್ಣಗಳ ಬಳಕೆಯನ್ನು ನಿಷೇಧಿಸಿರುವುದಾಗಿ ಪ್ರಕಟಿಸಿದರು. ಪರೀಕ್ಷೆಗೆ ಒಳಪಡಿಸಿದ ಗೋಬಿಯ 171 ಮಾದರಿಗಳಲ್ಲಿ 107, ಬಾಂಬೆ ಮಿಠಾಯಿಯ 25ರಲ್ಲಿ 15 ಅಸುರಕ್ಷಿತ ಎಂದು ಬಂದಿತ್ತು. ಒಂದು ರೈತರ ಸುದ್ದಿ, ಇನ್ನೊಂದು ಆರೋಗ್ಯದ ಸುದ್ದಿ ಎಂದು ನಾವು ಬೇರೆ ಬೇರೆಯಾಗಿ ಓದಿ ಮುಗಿಸಿದೆವು. ಆದರೆ ಸಣ್ಣ ಮಕ್ಕಳಿರುವ ಮನೆಯ ಅಡುಗೆಕೋಣೆಯಲ್ಲಿ ನಿಂತು ನೋಡಿದರೆ ಎರಡರ ಬೇರೂ ಒಂದೇ ಕಡೆ ಇದೆ. ಊಟ ಕೆಂಪಗೆ ಕಂಡರೆ ಅದು ಚಲೋ ಊಟ ಎಂದು ನಮ್ಮ ಕಣ್ಣು ನಂಬಿದೆ, ಆ ನಂಬಿಕೆಗೆ ನಾವು ದುಡ್ಡು ಕೊಡುತ್ತೇವೆ. ಆ ದುಡ್ಡು ಬ್ಯಾಡಗಿಯ ರೈತನಿಗೂ ಹೋಗಬಹುದು, ಬಣ್ಣದ ಡಬ್ಬಿ ಮಾರುವವನಿಗೂ ಹೋಗಬಹುದು. ಯಾರಿಗೆ ಹೋಗುತ್ತದೆ ಎಂಬುದು ಬಹುಮಟ್ಟಿಗೆ ನಾವು ಮೆಣಸಿನಕಾಯಿಯನ್ನು ಯಾವ ರೂಪದಲ್ಲಿ ಮನೆಗೆ ತರುತ್ತೇವೆ ಎಂಬುದರ ಮೇಲೆ ನಿಂತಿದೆ.

ಮೊದಲು ಕಾಯಿಯೊಳಗೆ ಏನಿದೆ ನೋಡೋಣ. ಒಂದು ಒಣಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿದರೆ ಹೊರಗೆ ಕೆಂಪು ಸಿಪ್ಪೆ, ಒಳಗೆ ತೊಟ್ಟಿನ ಬುಡದಿಂದ ಇಳಿದು ಬಂದ ಬಿಳಿ ತಿರುಳು, ಅದಕ್ಕೆ ಅಂಟಿಕೊಂಡ ಬೀಜಗಳು ಕಾಣುತ್ತವೆ. ಖಾರ ಬೀಜದಲ್ಲಿದೆ ಎಂಬುದು ಎಲ್ಲರ ಬಾಯಲ್ಲಿರುವ ಮಾತು. ನಿಜವಾಗಿ ಖಾರದ ರಾಸಾಯನಿಕವಾದ ಕ್ಯಾಪ್ಸೈಸಿನ್ ತಯಾರಾಗುವುದು ಆ ಬಿಳಿ ತಿರುಳಿನಲ್ಲಿ; ಬೀಜಕ್ಕೆ ಅದು ತಗುಲಿಕೊಂಡಿರುತ್ತದೆ ಅಷ್ಟೆ. ಕೆಂಪು ಇರುವುದು ಸಿಪ್ಪೆಯಲ್ಲಿ, ಅದಕ್ಕೆ ಕಾರಣ ಕ್ಯಾಪ್ಸ್ಯಾಂಥಿನ್ ಎಂಬ ಬೇರೆಯೇ ವಸ್ತು. ಇದು ಗಜ್ಜರಿಗೆ ಬಣ್ಣ ಕೊಡುವ ಕೆರೊಟಿನ್‌ನ ಬಳಗದ್ದು. ಕ್ಯಾಪ್ಸೈಸಿನ್ ನಾಲಿಗೆಯ ನರತುದಿಗಳಲ್ಲಿ ಶಾಖವನ್ನು ಗುರುತಿಸುವ ಗ್ರಾಹಕವನ್ನು ತೆರೆಯುತ್ತದೆ, ಹಾಗಾಗಿ ಸುಡದಿದ್ದರೂ ಸುಟ್ಟಂತಾಗುತ್ತದೆ. ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಕ್ಯಾಪ್ಸ್ಯಾಂಥಿನ್‌ಗೆ ನಾಲಿಗೆಯ ಸಂಬಂಧವೇ ಇಲ್ಲ, ಅದರ ವ್ಯವಹಾರವೆಲ್ಲ ಕಣ್ಣಿನ ಜೊತೆ. ಎರಡೂ ಒಂದೇ ಕಾಯಿಯಲ್ಲಿ ಇರುವುದರಿಂದ ಕೆಂಪು ಹೆಚ್ಚಿದಷ್ಟೂ ಖಾರ ಹೆಚ್ಚು ಎಂದು ನಾವು ಭಾವಿಸುತ್ತೇವೆ. ಹಾಗೇನೂ ಇಲ್ಲ ಎಂಬುದಕ್ಕೆ ಬ್ಯಾಡಗಿ ಕಾಯಿಯೇ ಸಾಕ್ಷಿ.

2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿ, ಡಬ್ಬಿ ಬಗೆಯಾಗಲಿ ಕಡ್ಡಿ ಬಗೆಯಾಗಲಿ, ಹೆಸರು ಮಾಡಿರುವುದು ಬಣ್ಣಕ್ಕೆ. ಕಡ್ಡಿ ಉದ್ದ, ತೆಳು, ಮೈಯೆಲ್ಲ ಸುಕ್ಕು, ಬೀಜ ಕಡಿಮೆ. ಮಸಾಲೆ ವ್ಯಾಪಾರದವರು ಬಣ್ಣವನ್ನು ಅಳೆಯುವ ಆಸ್ಟಾ ಮಾನದಲ್ಲಿ ಇದು ನೂರೈವತ್ತರ ಆಸುಪಾಸು ನಿಲ್ಲುತ್ತದೆ. ಖಾರದಲ್ಲಿ ಗುಂಟೂರು ಕಾಯಿಗಿಂತ ಬಹಳ ಕೆಳಗೆ. ಇದರ ಬಣ್ಣವನ್ನು ದ್ರಾವಕದಲ್ಲಿ ಇಳಿಸಿ ತೆಗೆದ ಓಲಿಯೋರೆಸಿನ್ ಆಹಾರ ಉದ್ಯಮಕ್ಕೂ ಲಿಪ್‌ಸ್ಟಿಕ್, ನೇಲ್ ಪಾಲಿಶ್ ತಯಾರಿಕೆಗೂ ಹೋಗುತ್ತದೆ. ಮಕ್ಕಳಿರುವ ಮನೆಗೆ ಇಂಥ ಕಾಯಿ ವರವೇ ಸರಿ. ಸಾರು ಕೆಂಪಗೆ ಇರಬೇಕು, ಆದರೆ ನಾಲ್ಕು ವರ್ಷದ ಮಗು ತುತ್ತಿಗೊಮ್ಮೆ ನೀರು ಕೇಳಬಾರದು ಎಂದರೆ ಬ್ಯಾಡಗಿಗಿಂತ ಒಳ್ಳೆಯ ಕಾಯಿ ಸಿಗುವುದು ಕಷ್ಟ. ಈಗ ಕಲಬೆರಕೆ ಮಾಡುವವನ ಕಡೆಯಿಂದ ಯೋಚಿಸಿ. ಅಗ್ಗದ, ಬಿಳಿಚಿದ ಕಾಯಿಯನ್ನು ಬೀಸಿ ಕೆಂಪು ತರಬೇಕೆಂದರೆ ಪುಡಿ ಹೆಚ್ಚು ಹಾಕಬೇಕು, ಆಗ ಖಾರ ತಡೆಯಲಾಗದು. ಖಾರ ಏರದಂತೆ ಕೆಂಪು ಮಾತ್ರ ಏರಬೇಕೆಂದರೆ ಇರುವುದು ಎರಡೇ ದಾರಿ: ಒಂದು ಬ್ಯಾಡಗಿ ಕಾಯಿ, ಇನ್ನೊಂದು ಬಣ್ಣ. ಕೃತಕ ಬಣ್ಣ ನಕಲು ಮಾಡುವುದು ಬ್ಯಾಡಗಿಯ ಗುಣವನ್ನೇ. ಬೆಲೆ ಹೆಚ್ಚಿರುವ ಗುಣವನ್ನು ತಾನೇ ಯಾರಾದರೂ ನಕಲು ಮಾಡುವುದು! ಓಲಿಯೋರೆಸಿನ್ ತೆಗೆದ ಮೇಲೆ ಉಳಿಯುವ ಸಪ್ಪೆ ಚರಟವೂ ನೋಡಲಿಕ್ಕೆ ಮೆಣಸಿನಪುಡಿಯೇ. ಅದಕ್ಕೆ ಬಣ್ಣ ಬೆರೆಸಿದರೆ ಸೂಕ್ಷ್ಮದರ್ಶಕದಲ್ಲೂ ಮೆಣಸಿನಕಾಯಿಯ ಕೋಶಗಳೇ ಕಾಣುತ್ತವೆ.

ಇದು ಕಲ್ಪನೆಯಲ್ಲ. 2003ರಲ್ಲಿ ಫ್ರಾನ್ಸ್‌ನಲ್ಲಿ ಭಾರತದಿಂದ ಹೋದ ಮೆಣಸಿನ ಪದಾರ್ಥಗಳಲ್ಲಿ ಸುಡಾನ್-1 ಎಂಬ ಬಣ್ಣ ಸಿಕ್ಕಿತು. ಪಾಲಿಶ್, ಮೇಣ, ಎಣ್ಣೆಗಳಿಗೆ ಬಣ್ಣ ಕಟ್ಟಲು ಬಳಸುವ ಕೈಗಾರಿಕಾ ಬಣ್ಣ ಅದು. ಆ ವರ್ಷದ ಜೂನ್‌ನಲ್ಲಿ ಐರೋಪ್ಯ ಒಕ್ಕೂಟ, ಸುಡಾನ್-1 ಇಲ್ಲವೆಂಬ ಪರೀಕ್ಷಾ ವರದಿ ಇಲ್ಲದೆ ಮೆಣಸಿನ ಪದಾರ್ಥ ಒಳಗೆ ಬಿಡುವುದಿಲ್ಲ ಎಂದಿತು. 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಒಂದು ವೂಸ್ಟರ್ ಸಾಸ್‌ಗೆ ಸೇರಿದ್ದ ಮೆಣಸಿನಪುಡಿಯಲ್ಲಿ ಇದೇ ಬಣ್ಣ ಪತ್ತೆಯಾಗಿ, ಆ ಸಾಸ್ ಬಳಸಿದ ನಾನೂರಕ್ಕೂ ಹೆಚ್ಚು ಬಗೆಯ ಸಿದ್ಧ ತಿನಿಸುಗಳನ್ನು ಅಂಗಡಿಗಳಿಂದ ಹಿಂತೆಗೆಯಬೇಕಾಯಿತು. ಇದಕ್ಕೂ ಹಿಂದೆ, 1994ರಲ್ಲಿ, ಪ್ಯಾಪ್ರಿಕಾ ಬೆಳೆದು ಬದುಕುವ ಹಂಗರಿಯಲ್ಲೇ ಪ್ಯಾಪ್ರಿಕಾ ಪುಡಿಗೆ ಕೆಂಪು ಸೀಸದ ಆಕ್ಸೈಡ್ ಬೆರೆತು ಜನ ಆಸ್ಪತ್ರೆ ಸೇರಿದ್ದರು, ಸರ್ಕಾರ ಪುಡಿಯ ಮಾರಾಟವನ್ನೇ ನಿಲ್ಲಿಸಿತ್ತು. ಹಂಗರಿಯ ಪ್ರಕರಣವನ್ನು ನಮ್ಮ ಕಡೆಯವರು ವಿಶೇಷವಾಗಿ ನೆನಪಿಡಬೇಕು. ಮೆಣಸಿನಕಾಯಿಯ ಊರಿನವರಿಗೆ ಮೋಸ ಆಗಲಿಕ್ಕಿಲ್ಲ ಎಂಬ ಧೈರ್ಯ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮನೆಗಳಲ್ಲಿ ಸಹಜವಾಗಿಯೇ ಇದೆ. ಆದರೆ ಬ್ಯಾಡಗಿ ಪೇಟೆಗೆ ಬರುವ ಕಾಯಿಯೆಲ್ಲ ಬ್ಯಾಡಗಿ ತಳಿಯದ್ದಲ್ಲ. ಬಳ್ಳಾರಿ, ರಾಯಚೂರು, ಆಂಧ್ರದಿಂದ ಹೈಬ್ರಿಡ್ ಕಾಯಿಯ ಚೀಲಗಳೂ ಅಲ್ಲೇ ಇಳಿಯುತ್ತವೆ. ಇದರಲ್ಲಿ ತಪ್ಪೇನಿಲ್ಲ, ದೊಡ್ಡ ಪೇಟೆ ಎಂದರೆ ಹೀಗೇ. ಆದರೆ ಚೀಲ ಯಾವ ಊರಿನಲ್ಲಿ ಹರಾಜಾಯಿತು ಎಂಬುದು ಪುಡಿಯಲ್ಲಿ ಏನಿದೆ ಎಂಬುದಕ್ಕೆ ಪುರಾವೆಯಾಗುವುದಿಲ್ಲ.

ಹಾಗಾದರೆ ಮನೆಯಲ್ಲೇ ಪರೀಕ್ಷೆ ಮಾಡಿ ನೋಡಬಹುದಲ್ಲ ಎನ್ನುವವರಿದ್ದಾರೆ. ಒಂದು ಲೋಟ ನೀರಿನ ಮೇಲೆ ಚಮಚ ಖಾರಪುಡಿ ಉದುರಿಸಿ, ಬಣ್ಣ ಗೆರೆಗೆರೆಯಾಗಿ ಇಳಿದರೆ ಕಲಬೆರಕೆ ಎಂಬ ವಿಡಿಯೋ ಪ್ರತಿಯೊಬ್ಬರ ಫೋನಿಗೂ ಬಂದಿದೆ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪ್ರಕಟಿಸಿದ ಮನೆ ಪರೀಕ್ಷೆಗಳಲ್ಲೂ ಇದು ಇದೆ. ಈ ಪರೀಕ್ಷೆ ಸುಳ್ಳಲ್ಲ, ಅರ್ಧ ನಿಜ. ನೀರಿನಲ್ಲಿ ಕರಗುವ ಬಣ್ಣ ಬೆರೆಸಿದ್ದರೆ ಅದು ತೋರಿಸಿಕೊಡುತ್ತದೆ. ತಳದಲ್ಲಿ ಕೂತದ್ದನ್ನು ಬೆರಳಲ್ಲಿ ತಿಕ್ಕಿ ನೋಡಿದರೆ ಇಟ್ಟಿಗೆ ಪುಡಿಯ ಉರುಟೂ ತಿಳಿಯುತ್ತದೆ. ಆದರೆ ಸುಡಾನ್ ಬಣ್ಣಗಳು ನೀರಿನಲ್ಲಿ ಕರಗುವುದೇ ಇಲ್ಲ, ಎಣ್ಣೆಯಲ್ಲಿ ಕರಗುತ್ತವೆ. ಅವನ್ನು ಬೆರೆಸಿದ ಪುಡಿ ಲೋಟದ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ, ತಾಯಿಗೆ ಇಲ್ಲದ ಭರವಸೆ ಸಿಗುತ್ತದೆ. ಎಣ್ಣೆಯಲ್ಲೇ ಪರೀಕ್ಷಿಸೋಣ ಎಂದರೆ ಮೆಣಸಿನಕಾಯಿಯ ಸಹಜ ಕೆಂಪೂ ಎಣ್ಣೆಯಲ್ಲೇ ಕರಗುವಂಥದ್ದು. ಒಗ್ಗರಣೆ ಕೆಂಪಾಗುವುದು ಅದರಿಂದಲೇ ತಾನೆ? ಎರಡನ್ನೂ ಬೇರ್ಪಡಿಸಿ ಗುರುತಿಸಲು ಪ್ರಯೋಗಾಲಯದ ಕ್ರೊಮಾಟೊಗ್ರಫಿ ಬೇಕು. ಕಣ್ಣಿಗೆ ಈ ಕೆಲಸ ಕೊಡುವುದೇ ಅನ್ಯಾಯ. ಹಳೆಯ ಪುಡಿ ಬಿಳಿಚಿದರೆ ಕೆಟ್ಟದ್ದು, ಕೆಂಪಗೇ ಉಳಿದರೆ ಒಳ್ಳೆಯದು ಎಂಬ ಲೆಕ್ಕವೂ ಕೈಕೊಡುತ್ತದೆ. ಕ್ಯಾಪ್ಸ್ಯಾಂಥಿನ್‌ನ ಉದ್ದನೆಯ ಅಣು ಬೆಳಕು ಮತ್ತು ಗಾಳಿಗೆ ಬೇಗ ಮುರಿಯುತ್ತದೆ. ಬೀಸಿದ ಮೇಲೆ ಗಾಳಿ ತಾಗುವ ಮೈ ಹೆಚ್ಚುವುದರಿಂದ ಅಪ್ಪಟ ಪುಡಿ ತಿಂಗಳುಗಳಲ್ಲಿ ಕಿತ್ತಳೆಯ ಕಡೆ ತಿರುಗುವುದು ಅದರ ಸ್ವಭಾವ. ಬಣ್ಣ ಇಳಿದದ್ದಕ್ಕೆ ಅಂಗಡಿಯವನ ಜೊತೆ ಜಗಳವಾಡುವ ಗಿರಾಕಿಯೇ ಅವನನ್ನು ಬಣ್ಣದ ಕಡೆ ತಳ್ಳುತ್ತಾನೆ.

ನಾನು ಹೇಳಬೇಕಾದ ಮಾತು ಇಲ್ಲಿದೆ. ಪುಡಿಯೆಂದರೆ ಸಾಕ್ಷ್ಯ ಅಳಿಸಿಹೋದ ಮೆಣಸಿನಕಾಯಿ. ಪರೀಕ್ಷೆ ಮಾಡುವುದಿದ್ದರೆ ಬೀಸುವುದಕ್ಕೆ ಮೊದಲೇ ಮಾಡಬೇಕು. ಇಡೀ ಕಾಯಿ ತನ್ನ ಬಗ್ಗೆ ಬಹಳಷ್ಟನ್ನು ತಾನೇ ಹೇಳುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು. ಮೆತ್ತಗೆ ಬಾಗಿದರೆ ಒಳಗೆ ನೀರಿದೆ. ಐದಾರು ಕಾಯಿ ಮುರಿದು ಒಳಗೆ ನೋಡಬೇಕು: ತಿರುಳು ಹಳದಿ ಬಿಳುಪಾಗಿದ್ದರೆ ಸರಿ, ಬೂದು ಅಥವಾ ಕಪ್ಪು ಬೂಷ್ಟು ಹಿಡಿದಿದ್ದರೆ ಆ ಚೀಲ ಬೇಡ. ಮೂಗಿಗೆ ಮುಗ್ಗಲು ವಾಸನೆ ಬಂದರೂ ಬೇಡ. ಇಡೀ ಕಾಯಿಗೂ ಬಣ್ಣ ಬಳಿಯಬಹುದಲ್ಲ ಎಂಬ ಆಕ್ಷೇಪ ನಿಜವೇ. ಆದರೆ ಬಳಿದದ್ದು ಮೇಲೆಯೇ ಇರುತ್ತದೆ. ಸಹಜ ಬಣ್ಣ ಸಿಪ್ಪೆಯ ಕೋಶಗಳೊಳಗೆ ಕೂತಿರುವುದರಿಂದ, ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಹೊರಮೈ ಒರೆಸಿದರೆ ಹತ್ತಿ ಕೆಂಪೇರುವುದಿಲ್ಲ. ಕೆಂಪೇರಿದರೆ ಕಾಯಿಗೆ ಬಣ್ಣ ಹಚ್ಚಿದ್ದಾರೆ ಎಂದೇ ತಿಳಿಯಬೇಕು. ಇದೇ ಹತ್ತಿ ಪುಡಿಯ ಮೇಲೆ ಏನನ್ನೂ ಹೇಳಲಾರದು, ಏಕೆಂದರೆ ಬೀಸುವಾಗ ಕೋಶಗಳೇ ಒಡೆದಿರುತ್ತವೆ. ಹಾವೇರಿ-ಧಾರವಾಡದ ಕಡೆ ಹಸಿ ಕೆಂಪುಕಾಯಿಯಿಂದ ಮಾಡುವ ರಂಜಕಕ್ಕೆ ಬಣ್ಣದ ಕಲಬೆರಕೆಯ ಭಯ ಯಾರಿಗೂ ಇಲ್ಲ. ಕಾಯಿ ಕಣ್ಣೆದುರೇ ಇರುವಾಗ ಭಯವೆಲ್ಲಿಂದ ಬಂದೀತು?

ಈ ವಾದಕ್ಕೆ ಬಲವಾದ ಆಕ್ಷೇಪ ಬಣ್ಣದ ಕಡೆಯಿಂದ ಬರುವುದಿಲ್ಲ, ಬೂಷ್ಟಿನ ಕಡೆಯಿಂದ ಬರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ, ಅವುಗಳ ಮೇವಿನ ಶೇಂಗಾಹಿಂಡಿಯಲ್ಲಿ ಪತ್ತೆಯಾದ ವಿಷ ಅಫ್ಲಾಟಾಕ್ಸಿನ್. ಆಸ್ಪರ್ಜಿಲಸ್ ಎಂಬ ಬೂಷ್ಟು ಇದನ್ನು ಮಾಡುತ್ತದೆ, ಸರಿಯಾಗಿ ಒಣಗದ ಮೆಣಸಿನಕಾಯಿಯ ಮೇಲೂ ಬೆಳೆಯುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ವಿಷವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾದ ಮೊದಲ ಗುಂಪಿನಲ್ಲಿ ಇಟ್ಟಿದೆ. ಪೆಟ್ಟು ಬೀಳುವುದು ಯಕೃತ್ತಿಗೆ. ಸುಡಾನ್-1 ಮತ್ತು ರೋಡಮಿನ್-ಬಿ ಇರುವುದು ಮೂರನೇ ಗುಂಪಿನಲ್ಲಿ, ಅಂದರೆ ಮನುಷ್ಯರ ಮಟ್ಟಿಗೆ ತೀರ್ಮಾನಿಸಲು ಸಾಕಷ್ಟು ಪುರಾವೆ ಇಲ್ಲ ಎಂಬ ಗುಂಪಿನಲ್ಲಿ. ಹಾಗಾದರೆ ಬಣ್ಣಕ್ಕಿಂತ ಬೂಷ್ಟೇ ದೊಡ್ಡ ಶತ್ರುವಲ್ಲವೇ, ಇಡೀ ಕಾಯಿಯಲ್ಲಿ ಬೂಷ್ಟು ಬರುತ್ತದಲ್ಲವೇ? ಹೌದು, ಬರುತ್ತದೆ. ತೊಟ್ಟು ಮುರಿಯದಿರಲೆಂದು, ಕೆಲವೊಮ್ಮೆ ತೂಕ ಬರಲೆಂದು ಕಾಯಿಗೆ ನೀರು ಚಿಮುಕಿಸುವ ರೂಢಿ ಪೇಟೆಯಲ್ಲಿ ಇಲ್ಲದಿಲ್ಲ. ಕಾಯಿಯ ತೇವಾಂಶ ಶೇಕಡ 11ನ್ನು ಮೀರಬಾರದು ಎಂದು ನಮ್ಮ ನಿಯಮ ಹೇಳುವುದು ಇದಕ್ಕಾಗಿಯೇ. ಆದರೆ ಬೂಷ್ಟು ಹಿಡಿದ ಕಾಯಿ ಪುಡಿಯಾದಾಗ ವಿಷ ಮಾಯವಾಗುವುದಿಲ್ಲ, ಕಾಣದಾಗುತ್ತದೆ ಅಷ್ಟೆ. ಒಗ್ಗರಣೆಯ ಬಿಸಿಗೂ ಅದು ಸುಲಭಕ್ಕೆ ಬಗ್ಗುವುದಿಲ್ಲ. ಇಡೀ ಕಾಯಿ ತಂದವರು ಕೆಟ್ಟ ಕಾಯಿಯನ್ನು ಆರಿಸಿ ಎಸೆಯಬಲ್ಲರು, ಪುಡಿ ತಂದವರಿಗೆ ಆ ಅವಕಾಶವೇ ಇಲ್ಲ. ಆರಿಸಿದರೆ ಪೂರ್ತಿ ನಿವಾರಣೆಯಾಗುತ್ತದೆ ಎಂದಲ್ಲ, ಕಣ್ಣಿಗೆ ಚೊಕ್ಕ ಕಾಣುವ ಕಾಯಿಯಲ್ಲೂ ಸ್ವಲ್ಪ ಇರಬಹುದು. ಇನ್ನೊಂದು ಮಾತು: ಮಗು ದಿನಕ್ಕೆ ತಿನ್ನುವ ಖಾರಪುಡಿ ಒಂದೆರಡು ಗ್ರಾಂ ಕೂಡ ಇರಲಾರದು, ಶೇಂಗಾ ಹಿಡಿಗಟ್ಟಲೆ ತಿನ್ನುತ್ತದೆ. ಶೇಂಗಾ, ಗೋವಿನಜೋಳ ಬೆಳೆಯುವ ಈ ಸೀಮೆಯಲ್ಲಿ ಅಫ್ಲಾಟಾಕ್ಸಿನ್ ಬಗ್ಗೆ ನಿಜವಾದ ಎಚ್ಚರ ಬೇಕಾದದ್ದು ಮುರುಟಿದ, ಕಹಿ ಶೇಂಗಾಬೀಜದ ಬಗ್ಗೆ. ಚಟ್ನಿಪುಡಿಗೆ ಅಂಥ ಬೀಜ ಹಾಕಿ ಖಾರದಲ್ಲಿ ಮುಚ್ಚುವುದು ಉಳಿತಾಯವಲ್ಲ.

ಮೂರನೇ ಗುಂಪಿನ ಬಣ್ಣಕ್ಕೆ ಇಷ್ಟು ಗಲಾಟೆ ಏಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ಪ್ಲೇಟ್ ಗೋಬಿಯಿಂದ ಯಾವ ಮಗುವಿಗೂ ಕ್ಯಾನ್ಸರ್ ಬರುವುದಿಲ್ಲ, ಹಾಗೆಂದು ಹೆದರಿಸುವವರು ವಿಜ್ಞಾನಕ್ಕೆ ಉಪಕಾರ ಮಾಡುತ್ತಿಲ್ಲ. ಆದರೆ ಪುರಾವೆ ಸಾಲದು ಎಂಬುದಕ್ಕೂ ಸುರಕ್ಷಿತ ಎಂಬುದಕ್ಕೂ ಬಹಳ ಅಂತರವಿದೆ. ಸುಡಾನ್-1 ಪ್ರಾಣಿಗಳಲ್ಲಿ ಗಡ್ಡೆ ತಂದದ್ದು ದಾಖಲಾಗಿದೆ, ಇಷ್ಟು ತಿಂದರೆ ಅಡ್ಡಿಯಿಲ್ಲ ಎಂಬ ಮಿತಿಯನ್ನು ಯಾರೂ ಕೊಟ್ಟಿಲ್ಲ. ಅನುಮತಿ ಇರುವ ಬಣ್ಣಗಳ ಕತೆಯೂ ಪೂರ್ತಿ ಚೊಕ್ಕವಲ್ಲ. 2007ರಲ್ಲಿ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಮೂರು ವರ್ಷದ 153 ಮತ್ತು ಎಂಟು-ಒಂಬತ್ತು ವರ್ಷದ 144 ಮಕ್ಕಳಿಗೆ ಸನ್‌ಸೆಟ್ ಯೆಲ್ಲೋ, ಕಾರ್ಮೊಯ್ಸಿನ್ ಮುಂತಾದ ಬಣ್ಣಗಳ ಮಿಶ್ರಣವಿದ್ದ ಪಾನೀಯ ಕೊಟ್ಟು ನೋಡಿದಾಗ ಚಡಪಡಿಕೆ ಸರಾಸರಿಯಲ್ಲಿ ಸ್ವಲ್ಪ ಹೆಚ್ಚಿದ್ದು ಕಂಡಿತು. ಪರಿಣಾಮ ಸಣ್ಣದು, ಎಲ್ಲ ಮಕ್ಕಳಲ್ಲೂ ಒಂದೇ ತೆರನಲ್ಲ. ಆದರೂ 2010ರ ಜುಲೈಯಿಂದ ಯುರೋಪಿನಲ್ಲಿ ಅಂಥ ಆರು ಬಣ್ಣಗಳಿರುವ ತಿನಿಸಿನ ಮೇಲೆ ಎಚ್ಚರಿಕೆ ಬರೆಯಲೇಬೇಕು. ಭಾರತದಲ್ಲಿ ಈ ಪೈಕಿ ಕೆಲವಕ್ಕೆ ಕೆಲವು ತಿನಿಸುಗಳಲ್ಲಿ ಮಿತಿಯೊಳಗೆ ಅನುಮತಿ ಇದೆ, ಖಾರಪುಡಿಯಲ್ಲಿ ಯಾವುದಕ್ಕೂ ಇಲ್ಲ. 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಕಬಾಬಿಗೂ ಬಣ್ಣ ನಿಷೇಧಿಸಿದ್ದು ಸನ್‌ಸೆಟ್ ಯೆಲ್ಲೋ ಮತ್ತು ಕಾರ್ಮೊಯ್ಸಿನ್ ಕಬಾಬಿನ ಮಾದರಿಗಳಲ್ಲಿ ಸಿಕ್ಕಿದ್ದಕ್ಕೆ. ಸೀಸದ ವಿಷಯದಲ್ಲಂತೂ ವಾದಕ್ಕೆ ಜಾಗವೇ ಇಲ್ಲ. ನುಂಗಿದ ಸೀಸವನ್ನು ಮಗುವಿನ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ; ಇದಕ್ಕಿಂತ ಕೆಳಗಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ತಿಳಿದಿಲ್ಲ. ಬಣ್ಣದಿಂದ ಮಗುವಿಗೆ ಆಗುವ ಲಾಭ ಸೊನ್ನೆ ಇರುವಾಗ, ಅಪಾಯ ಚಿಕ್ಕದೆಂಬುದು ಅದನ್ನು ಒಪ್ಪಿಕೊಳ್ಳಲು ಕಾರಣವಾಗದು.

ಉಳಿದದ್ದು ಪುರುಸೊತ್ತಿನ ಮಾತು. ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ತೊಟ್ಟು ಬಿಡಿಸಿ, ಬಿಸಿಲಿಗೆ ಹಾಕಿ, ಗಿರಣಿಗೆ ಹೋಗಿ ಸಾಲಿನಲ್ಲಿ ನಿಲ್ಲುವುದು ಯಾರಿಗೆ ಆಗುತ್ತದೆ? ಈ ಕೆಲಸ ಹೆಂಗಸರ ಹೆಗಲಿಗೇ ಬೀಳುವುದು ಎಂಬುದನ್ನೂ ಮುಚ್ಚಿಡಬೇಕಿಲ್ಲ. ಹೆಸರಾಂತ ಕಂಪನಿಯ ಪೊಟ್ಟಣ ಕೆಟ್ಟದ್ದು ಎಂದು ನಾನು ಹೇಳಲಾರೆ. ಅವರಿಗೆ ಸ್ವಂತ ಪ್ರಯೋಗಾಲಯಗಳಿವೆ, ಕಳೆದುಕೊಳ್ಳಲು ಹೆಸರಿದೆ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರ ಭಾರತದ ಕೆಲವು ಮಸಾಲೆ ಪೊಟ್ಟಣಗಳನ್ನು ಎಥಿಲೀನ್ ಆಕ್ಸೈಡ್ ಸಿಕ್ಕಿತೆಂದು ತಡೆದದ್ದು, ದೊಡ್ಡ ಹೆಸರೂ ಪೂರ್ತಿ ರಕ್ಷಾಕವಚವಲ್ಲ ಎಂದು ತೋರಿಸಿತು. ಆದರೂ ಮೊಹರು ಮಾಡಿದ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಬ್ಯಾಚ್ ಮತ್ತು ತಾರೀಖು ಇರುವ ಪೊಟ್ಟಣಕ್ಕೆ ಉತ್ತರ ಕೊಡಬೇಕಾದವರೊಬ್ಬರು ಇರುತ್ತಾರೆ. ಸಂತೆಯಲ್ಲಿ ಗುಡ್ಡೆ ಹಾಕಿದ ಬಿಡಿ ಪುಡಿಗೆ ಅವರೂ ಇಲ್ಲ. ಮಸಾಲೆ ಪುಡಿಯನ್ನು ಪೊಟ್ಟಣ ಕಟ್ಟದೆ ಮಾರುವುದಕ್ಕೆ ಕಾನೂನಿನಲ್ಲೇ ಅವಕಾಶವಿಲ್ಲ. ಹಾಗಾಗಿ ನನ್ನ ಆಯ್ಕೆಯ ಕ್ರಮ ಇದು: ಮೊದಲು ಇಡೀ ಕಾಯಿ, ಆಗದಿದ್ದರೆ ಮೊಹರಿನ ಚಿಕ್ಕ ಪೊಟ್ಟಣ, ಬಿಡಿ ಪುಡಿ ಎಂದಿಗೂ ಬೇಡ. ಬೆಲೆಯನ್ನೂ ಕೂಡಿಸಿ ನೋಡಿ. ತೊಟ್ಟು ತೆಗೆದಾಗ ತೂಕ ಇಳಿಯುತ್ತದೆ, ಬೀಸುವ ಕೂಲಿ ಸೇರುತ್ತದೆ. ಹೀಗಿದ್ದೂ ಕಿಲೋ ಪುಡಿ ಕಿಲೋ ಕಾಯಿಗಿಂತ ಅಗ್ಗವಾಗಿದ್ದರೆ, ಬಿಳಿಚಿದ ಕಾಯಿ ಬೀಸಿರಬಹುದು, ಅದು ಅಪರಾಧವಲ್ಲ. ಅಗ್ಗವೂ ಹೌದು, ಕಡುಗೆಂಪೂ ಹೌದು ಎಂದರೆ ಮಾತ್ರ ಎದ್ದು ಬನ್ನಿ.

ಕಾಯಿ ತರುವವರು ವರ್ಷದ ಖಾರವನ್ನೆಲ್ಲ ಒಮ್ಮೆಗೇ ಬೀಸಿಸುವ ಹಳೆಯ ಪದ್ಧತಿಯನ್ನು ಬಿಟ್ಟರೆ ಶ್ರಮವೂ ಕಡಿಮೆ, ಬಣ್ಣವೂ ಉಳಿಯುತ್ತದೆ. ಹಂಗಾಮು ಇರುವ ಜನವರಿಯಿಂದ ಬೇಸಿಗೆಯವರೆಗೆ ಕಾಯಿ ಕೊಂಡು, ಮತ್ತೊಂದು ಬಿಸಿಲು ಕಾಯಿಸಿ, ಗಾಳಿಯಾಡದ ಡಬ್ಬಿಯಲ್ಲಿ ತೊಟ್ಟಿನ ಸಮೇತ ಇಟ್ಟು, ಎರಡು ತಿಂಗಳಿಗಾಗುವಷ್ಟನ್ನು ಮಾತ್ರ ಬೀಸಿಕೊಳ್ಳಬಹುದು. ಅಷ್ಟಕ್ಕೆ ಮನೆಯ ಮಿಕ್ಸಿಯೇ ಸಾಕು. ಗಿರಣಿಗೆ ಹೋದರೆ ಹಿಂದಿನವರ ಪುಡಿ ಕಲ್ಲಿನ ಸಂದಿಯಲ್ಲಿ ಉಳಿದಿರುತ್ತದೆ, ಮೊದಲ ಒಂದು ಹಿಡಿಯನ್ನು ಬೇರೆ ತೆಗೆಸಿ. ಬೀಸಿದ ಪುಡಿ ಕಿಟಕಿ ಪಕ್ಕದ ಗಾಜಿನ ಬಾಟಲಿಗಿಂತ ಕತ್ತಲೆಯ ಸ್ಟೀಲ್ ಡಬ್ಬಿಯಲ್ಲಿ ಹೆಚ್ಚು ದಿನ ಕೆಂಪಾಗಿರುತ್ತದೆ. ಒಂದು ವರ್ಷದೊಳಗಿನ ಕೂಸಿಗೆ ಯಾವ ಪುಡಿಯೂ ಬೇಕಿಲ್ಲ; ಆಮೇಲೆ ಖಾರ ಕಲಿಸುವಾಗ ಕಾಯಿಯ ಬಿಳಿ ತಿರುಳನ್ನು ಬೀಜದ ಸಮೇತ ಕೆರೆದು ತೆಗೆದರೆ ಸಿಪ್ಪೆಯ ಕೆಂಪು ಉಳಿದು ಉರಿ ಇಳಿಯುತ್ತದೆ. ಇಷ್ಟಾಗಿಯೂ ಅಂಗಡಿಯ ಯಾವುದೋ ಪುಡಿಯ ಮೇಲೆ ಸಂಶಯವಿದ್ದರೆ ಲೋಟದ ನೀರಿಗೆ ಜೋತು ಬೀಳಬೇಕಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಮಾದರಿಯನ್ನು ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ಕೊಳ್ಳುವಾಗಲೇ ಅಂಗಡಿಯವರಿಗೆ ಅದನ್ನು ತಿಳಿಸಿರಬೇಕು. ಪುಡಿ ಕಾನೂನಿಗೆ ವಿರುದ್ಧವಾಗಿದೆ ಎಂದು ವರದಿ ಬಂದರೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ. ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಯ ಕಚೇರಿಯಲ್ಲಿ ದೂರು ಕೊಡಬಹುದು, ಎಫ್‌ಎಸ್‌ಎಸ್‌ಎಐನ 1800 112 100 ಸಂಖ್ಯೆಗೆ ಕರೆಯನ್ನೂ ಮಾಡಬಹುದು. ದೂರು ಕೊಡುವಾಗ ಪೊಟ್ಟಣ ಮತ್ತು ರಸೀದಿ ಎರಡೂ ಕೈಯಲ್ಲಿರಲಿ. ಬ್ಯಾಚ್ ಸಂಖ್ಯೆ ಇಲ್ಲದ ದೂರನ್ನು ಹಿಡಿದು ಅಧಿಕಾರಿ ಹೆಚ್ಚು ದೂರ ಹೋಗಲಾರರು.